ನಾನು ಗೆದ್ದ ಶನಿವಾರ

ಹನ್ನೊಂದು ವರ್ಷ ನನ್ನ ಕೆಲಸ ಟಿವಿಯಲ್ಲಿ ಸೋಲುವುದಾಗಿತ್ತು. ತಮಾಷೆಗೆ ಹೇಳುತ್ತಿಲ್ಲ. ಪೂರ್ವ ಟೆನ್ನೆಸ್ಸಿಯ ನಮ್ಮ ಕಡೆ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕುಸ್ತಿ ಕಾರ್ಯಕ್ರಮ ಬರುತ್ತಿತ್ತು. ದೊಡ್ಡ ಹೆಸರಿನ ಪೈಲ್ವಾನರು ಒಬ್ಬರನ್ನೊಬ್ಬರು ಎದುರಿಸುತ್ತಿದ್ದದ್ದು ವಾರದ ದಿನಗಳಲ್ಲಿ, ಊರೂರಿನ ಶಾಲೆಗಳ ಆಟದ ಹಾಲ್‌ಗಳಲ್ಲಿ, ಟಿಕೆಟ್ ಕೊಂಡು ಬಂದವರ ಮುಂದೆ. ಟಿವಿಯಲ್ಲಿ ಅವರಿಗೆ ಬೇಕಾಗಿದ್ದವನು ಬರೀ ಒದೆ ತಿನ್ನುವವನು. ನಾಲ್ಕು ನಿಮಿಷ ಅವರ ಕೈಗೆ ಸಿಕ್ಕಿ, ನೋಡುವವರಿಗೆ ‘ಅಬ್ಬಾ, ಏನು ಶಕ್ತಿ’ ಅನ್ನಿಸುವ ಹಾಗೆ ಬಿದ್ದು, ಮೂರು ಎಣಿಸುವವರೆಗೆ ಬೆನ್ನನ್ನು ನೆಲಕ್ಕೆ ಹಚ್ಚಿ ಮಲಗುವವನು. ಆ ಒಬ್ಬ ನಾನು, ರಾಯ್ಸ್ ಟಾಲಿವರ್. ಮೈಕಿನ ಮುಂದೆ ಕೂತು ಹೆಸರು ಕೂಗುವವನು ಎರಡು ವರ್ಷ ನನ್ನನ್ನು ರಾಯ್ ಟಾಲ್ಬರ್ಟ್ ಎಂದೇ ಕೂಗಿದ. ನಾನು ತಿದ್ದಲಿಲ್ಲ.

ಸೋಲುವುದೂ ಒಂದು ವಿದ್ಯೆ. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನಿನ ಅಗಲವೆಲ್ಲ ಒಟ್ಟಿಗೇ ತಾಗುವಂತೆ, ಎರಡೂ ಅಂಗೈಗಳಿಂದ ಹಲಗೆಗೆ ಬಡಿದು ಬೀಳಬೇಕು. ಸದ್ದು ದೊಡ್ಡದಾದಷ್ಟೂ ಪೆಟ್ಟು ಸಣ್ಣದು. ಎತ್ತಿ ಒಗೆಯುವವನು ನಿಜಕ್ಕೂ ನನ್ನನ್ನು ಎತ್ತುವುದಿಲ್ಲ. ನಾನೇ ಚಿಮ್ಮಿ ಅವನ ಹೆಗಲೇರುತ್ತೇನೆ, ಅವನು ತೋರಿಕೆಗೆ ಹಲ್ಲು ಕಚ್ಚುತ್ತಾನೆ. ಆದರೆ ಮೇಲೆ ಹೋದಮೇಲೆ ನನ್ನ ಕುತ್ತಿಗೆ ಅವನ ಕೈಯಲ್ಲಿ. ಅದೊಂದು ಮಾತ್ರ ಆಟವಲ್ಲ. ಹಾಗಾಗಿ ನಮ್ಮಲ್ಲಿ ಒಂದು ಸನ್ನೆ ಇತ್ತು. ಯಾರಾದರೂ ಕೆಟ್ಟದಾಗಿ ಬಿದ್ದರೆ, ಎದುರಾಳಿ ಪಟ್ಟು ಹಾಕುವವನಂತೆ ಅವನ ಕೈ ಹಿಡಿದು ಒಮ್ಮೆ ಒತ್ತುತ್ತಾನೆ. ಬಿದ್ದವನು ತಿರುಗಿ ಒತ್ತಿದರೆ ಮುಂದುವರಿಯಬಹುದು. ಒತ್ತದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಟಿವಿ ನಡೆಯುತ್ತಿರಲಿ, ಏನೇ ಆಗುತ್ತಿರಲಿ.

ಇದನ್ನೆಲ್ಲ ಹೊರಗಿನವರಿಗೆ ಹೇಳುವಂತಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಹೇಳಬಾರದೆಂದು ಕಟ್ಟಳೆ. ನನಗೆ ಹೆಂಡತಿ ಇರಲಿಲ್ಲ, ಅಮ್ಮ ಇದ್ದಳು. ಅಮ್ಮನಿಗೂ ಹೇಳಿರಲಿಲ್ಲ.

ಅಮ್ಮನ ಹೆಸರು ಓಪಲ್. ಕಾಲುಚೀಲದ ಗಿರಣಿಯಲ್ಲಿ, ಚೀಲದ ಬೆರಳಿನ ತುದಿಯನ್ನು ಹೊಲಿದು ಮುಚ್ಚುವ ಯಂತ್ರದ ಮುಂದೆ ಇಪ್ಪತ್ತಾರು ವರ್ಷ ಕೂತವಳು. ಸೋಮವಾರ ಮಧ್ಯಾಹ್ನದ ಊಟದ ಹೊತ್ತಿಗೆ ಪಕ್ಕದ ಯಂತ್ರದ ವರ್ಲೀನ್ ಶುರು ಮಾಡುತ್ತಿದ್ದಳಂತೆ.

“ಓಪಲ್, ನಿನ್ ಮಗನ ಮುಖ ಹೆಂಗಿದೆ ಅಂತ್ಲೇ ಮರ್ತೋಗಿದೆ ಕಣೇ. ಟಿವೀಲಿ ಬರೀ ಅಂಗಾಲೇ ಕಾಣ್ಸೋದು.”

ಇದನ್ನು ಅಮ್ಮ ನನಗೆ ಹೇಳಿದ್ದಲ್ಲ. ದಿನಸಿ ಅಂಗಡಿಯಲ್ಲಿ ಸಿಕ್ಕಿದ ವರ್ಲೀನಳೇ ನಗುತ್ತ ಹೇಳಿದಳು. ಅಮ್ಮ ನನಗೆ ಹೇಳುತ್ತಿದ್ದದ್ದು ಉಪಾಯಗಳನ್ನು.

“ಅವ್ನು ನಿನ್ನ ಹಗ್ಗದ ಕಡೆ ತಳ್ತಾನಲ್ಲ, ನೀನ್ಯಾಕೆ ಹಂಗೇ ವಾಪಸ್ ಅವ್ನ ಹತ್ರಾನೇ ಓಡಿ ಬರ್ತೀಯ? ಅಲ್ಲೇ ಹಗ್ಗ ಹಿಡ್ಕೊಂಡು ನಿಂತ್ಕೋಬಾರ್ದಾ?”

ಜಗತ್ತಿನ ಯಾವ ಪೈಲ್ವಾನನ ಬಳಿಯೂ ಈ ಪ್ರಶ್ನೆಗೆ ಉತ್ತರವಿಲ್ಲ. “ವೇಗ ಇರತ್ತಮ್ಮ, ನಿಲ್ಲಕ್ಕಾಗಲ್ಲ,” ಎಂದೆ.

“ನಿನ್ ಕಾಲಲ್ವೇನೋ ಅದು?”

ಒಂದು ಭಾನುವಾರ ಚರ್ಚಿನಲ್ಲಿ, ಪ್ರಾರ್ಥನೆ ಬೇಕಾದವರು ಎದ್ದು ನಿಲ್ಲಿ ಎಂದು ಪಾದ್ರಿ ಹೇಳಿದಾಗ ಅಮ್ಮ ಎದ್ದಳು. ಅವಳಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಅದಕ್ಕಿರಬೇಕು ಅಂದುಕೊಂಡೆ.

“ನನ್ ಮಗ ರಾಯ್ಸ್‌ಗೋಸ್ಕರ,” ಎಂದಳು. “ಅವ್ನು ಕಷ್ಟ ಪಡ್ತಾನೆ, ಯಾರಿಗೂ ಮೋಸ ಮಾಡಲ್ಲ. ಒಂದೇ ಒಂದ್ಸಲ ದೇವ್ರು ಅವ್ನ ಕಡೆ ನೋಡ್ಲಿ.”

ನಲವತ್ತು ಮಂದಿ ತಲೆ ಬಗ್ಗಿಸಿದರು. ಮುದಿ ಬಡಗಿಯೊಬ್ಬ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. ನಾನೂ ತಲೆ ಬಗ್ಗಿಸಿದೆ. ಮುಂದಿನ ಶನಿವಾರ ಯಾರ ಕೈಯಲ್ಲಿ, ಎಷ್ಟನೇ ನಿಮಿಷಕ್ಕೆ, ಯಾವ ಪಟ್ಟಿನಲ್ಲಿ ಸೋಲುತ್ತೇನೆಂದು ನನಗೆ ಆಗಲೇ ಗೊತ್ತಿತ್ತು. ಆ ನಲವತ್ತು ತಲೆಗಳ ನಡುವೆ ಕೂತಷ್ಟು ಹೊತ್ತು ನನಗೆ ಮುಳ್ಳಿನ ಮೇಲೆ ಇದ್ದಂತಿತ್ತು.

ಮರುದಿನವೇ ಹಾರ್ಲನ್ ಸ್ಪ್ರೌಲ್ಸ್ ಹತ್ತಿರ ಹೋದೆ. ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂದು ತೀರ್ಮಾನಿಸುವ ಯಜಮಾನ ಅವನೇ. ಸ್ಟುಡಿಯೋ ಹಿಂದಿನ ಕೋಣೆಯಲ್ಲಿ ಡಬ್ಬಿಯ ಮೀನನ್ನು ಉಪ್ಪು ಬಿಸ್ಕತ್ತಿನ ಮೇಲಿಟ್ಟುಕೊಂಡು ತಿನ್ನುತ್ತಿದ್ದ.

“ಸಾರ್, ನಾನೊಂದ್ಸಲ ಗೆಲ್ಬೇಕು.”

“ಎಲ್ಲಿ? ಇಸ್ಪೀಟಲ್ಲಾ?”

“ಟಿವೀಲಿ.”

ಅವನು ಬೆರಳು ಒರೆಸಿಕೊಂಡ. “ರಾಯ್ಸ್, ನೀನು ನೆಲ ಇದ್ದಂಗೆ ಕಣಯ್ಯಾ. ನೀನಿಲ್ದೆ ಇಲ್ಲಿ ಯಾರೂ ನಿಲ್ಲಕ್ಕಾಗಲ್ಲ. ಆದ್ರೆ ನೆಲಾನೇ ಎದ್ದು ಬಂದು ಗೆದ್ರೆ ಜನ ನಂಬ್ತಾರಾ?”

ಬಾಗಿಲಿಗೆ ಒರಗಿ ಎಮರಿ ಕ್ಯಾಂಟ್ರೆಲ್ ನಿಂತಿದ್ದ. ಎಮರಿ ನನಗಿಂತ ಎರಡು ಮೆಟ್ಟಿಲು ಮೇಲಿನವನು. ನನ್ನಂಥವರ ಮೇಲೆ ಗೆಲ್ಲುತ್ತಿದ್ದ, ದೊಡ್ಡವರಿಗೆ ಸೋಲುತ್ತಿದ್ದ. ಒಂಬತ್ತು ವರ್ಷ ನಾವಿಬ್ಬರೂ ಒಂದೇ ಕಾರಿನಲ್ಲಿ ಊರೂರು ತಿರುಗಿದ್ದೆವು. ಪರದೆಯ ಮೇಲೆ ವೈರಿಗಳಾದ್ದರಿಂದ ಜೊತೆಯಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ. ಊರು ಇನ್ನರ್ಧ ಮೈಲಿ ಇರುವಾಗ ಒಬ್ಬ ಇಳಿದು ನಡೆಯುತ್ತಿದ್ದ. ಹೆಚ್ಚಿನ ಸಲ ಎಮರಿಯೇ ಇಳಿಯುತ್ತಿದ್ದ. ಚರ್ಚಿನಲ್ಲಿ ಅಮ್ಮ ಎದ್ದು ನಿಂತ ಸಂಗತಿಯನ್ನು ಅವನಿಗೆ ಹೇಳಿದ್ದೆ.

“ನನ್ ಮೇಲೆ ಗೆಲ್ಲಿಸಿ ಸಾರ್,” ಎಂದ ಅವನು. “ಮುಂದಿನ್ ತಿಂಗ್ಳು ಹೊಗೆಸೊಪ್ಪು ಕೊಯ್ಲಿಗೆ ಊರಿಗೆ ಹೋಗ್ತಿದೀನಿ. ಎರಡು ತಿಂಗ್ಳು ಕಾಣ್ಸಲ್ಲ. ವಾಪಸ್ ಬರೋ ಹೊತ್ಗೆ ಎಲ್ರೂ ಮರ್ತಿರ್ತಾರೆ.”

“ನಿಂಗೇನೋ ಇದ್ರಿಂದ?”

“ಇವ್ರಮ್ಮ ಒಂಬತ್ ವರ್ಷದಿಂದ ಇವ್ನಿಗೆ ಸೇಬಿನ ಕೇಕ್ ಕಟ್ಟಿ ಕಳಿಸ್ತಿದಾರೆ, ಅರ್ಧ ತಿನ್ನೋನು ನಾನು. ನನ್ ಹೊಟ್ಟೆ ನೋಡಿ.”

ಹಾರ್ಲನ್ ಅವನ ಹೊಟ್ಟೆ ನೋಡಿದ, ನನ್ನ ಮುಖ ನೋಡಿದ, ಡಬ್ಬಿಗೆ ಕೈ ಹಾಕಿದ. “ಐದೇ ನಿಮಿಷ. ಆಮೇಲೆ ಮತ್ತೆ ನೆಲ.”

ಅದು 1979ರ ಜುಲೈ ಕೊನೆಯ ಶನಿವಾರ. ವಾರವೆಲ್ಲ ಅಡುಗೆ ಕಾರ್ಯಕ್ರಮ ನಡೆಯುವ ಸ್ಟುಡಿಯೋ ಅದು. ಒಲೆಯನ್ನೂ ಹವಾಮಾನದ ನಕ್ಷೆಯನ್ನೂ ಗೋಡೆಗೆ ತಳ್ಳಿ ರಿಂಗು ಕಟ್ಟುತ್ತಿದ್ದರು. ಮರದ ಮೆಟ್ಟಿಲುಗಳ ಮೇಲೆ ಎಂಬತ್ತು ಜನ. ಮೊದಲ ಸಾಲಿನಲ್ಲಿ ಚರ್ಚಿನ ಹ್ಯಾಟು ಹಾಕಿಕೊಂಡ ಅಮ್ಮ, ಪಕ್ಕದಲ್ಲಿ ವರ್ಲೀನ್, ಅವರ ಹಿಂದೆ ಗಿರಣಿಯ ಆರು ಹೆಂಗಸರು. ಈ ವಾರ ತಪ್ಪದೆ ಬಾ ಎಂದು ಅಮ್ಮನಿಗೆ ನಾನೇ ಹೇಳಿದ್ದೆ.

ನಾವು ಮಾತಾಡಿಕೊಂಡದ್ದು ಹೀಗಿತ್ತು. ನಾಲ್ಕು ನಿಮಿಷ ಎಮರಿ ನನ್ನನ್ನು ಬಡಿಯುತ್ತಾನೆ. ಆಮೇಲೆ ಮೂಲೆಯ ಕಂಬ ಹತ್ತಿ ನನ್ನ ಮೇಲೆ ಹಾರುತ್ತಾನೆ. ನಾನು ಉರುಳಿಕೊಳ್ಳುತ್ತೇನೆ, ಅವನು ಬರಿ ಹಲಗೆಗೆ ಬೀಳುತ್ತಾನೆ. ನಾನು ಅವನನ್ನು ಎತ್ತಿ ಒಗೆದು ಚಿತ್ ಮಾಡುತ್ತೇನೆ.

ಎಮರಿ ಹಾರಿದ. ನಾನು ಉರುಳಿದೆ. ಅವನು ಬಿದ್ದ ಸದ್ದು ಸರಿಯಿರಲಿಲ್ಲ. ಅಂಗೈ ಬಡಿದ ಸದ್ದೇ ಬರಲಿಲ್ಲ. ಮೂಟೆಯೊಂದು ಜಾರಿದಂತೆ ಧಪ್ ಎಂದಿತು. ಹಣೆ ಮೊದಲು ತಾಗಿ ಕತ್ತು ಹಿಂದಕ್ಕೆ ಬಾಗಿದ್ದನ್ನು ಕಂಡೆ. ಮೊಣಕಾಲೂರಿ ಅವನ ಬಲಗೈ ಹಿಡಿದು ಒತ್ತಿದೆ. ಅವನು ಒತ್ತಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಒತ್ತಿದೆ. ಬೆರಳುಗಳು ನಾದಿದ ಹಿಟ್ಟಿನ ಹಾಗೆ ನನ್ನ ಮುಷ್ಟಿಯಲ್ಲಿ ಅಮುಕಿಕೊಂಡವು, ಅಷ್ಟೆ.

ಕ್ಯಾಮೆರಾದ ಪಕ್ಕ ನಿಂತವನು ಒಂದು ಬೆರಳು ಎತ್ತಿ ತೋರಿಸಿದ. ಒಂದೇ ನಿಮಿಷ ಉಳಿದಿದೆ ಎಂದು. ನಾನು ಮೊದಲ ಸಾಲು ನೋಡಿದೆ. ಅಮ್ಮ ಎದ್ದು ನಿಂತಿದ್ದಳು. ಹ್ಯಾಟು ಓರೆಯಾಗಿತ್ತು. ಪಕ್ಕದಲ್ಲಿ ವರ್ಲೀನಳೂ ಎದ್ದಿದ್ದಳು. “ಎತ್ತೋ ರಾಯ್ಸ್! ಎತ್ತೋ ಅವ್ನನ್ನ!” ಎಂದು ಅಮ್ಮ ಕಿರುಚುತ್ತಿದ್ದಳು.

ನಾನು ಎತ್ತಿದೆ.

ಎತ್ತಿಸಿಕೊಳ್ಳುವವನೇ ಚಿಮ್ಮಿ ಏರುತ್ತಾನೆ ಎಂದೆನಲ್ಲ, ಹಾಗೆ ಏರುವವನಿಗೆ ಭಾರವಿರುವುದಿಲ್ಲ. ಎಮರಿ ಪೂರ್ತಿ ಭಾರವಿದ್ದ. ನೂರಾ ಹತ್ತು ಕಿಲೋ ಮನುಷ್ಯ, ಒಂದಿಷ್ಟೂ ನೆರವಾಗದ ಮೈ. ಆ ಭಾರ ನನ್ನ ತೋಳಿಗೆ ಬಂದಾಗ, ಕೈಯ ಸನ್ನೆಯಲ್ಲಿ ಉಳಿದಿರಬಹುದಾದ ಅನುಮಾನವೂ ಹೋಯಿತು. ಅವನನ್ನು ಮೆಲ್ಲಗೆ ಕೆಳಗಿಳಿಸಿ ಕೈ ಬೀಸಿ ಆಟ ನಿಲ್ಲಿಸಲು ಸಮಯವಿತ್ತು. ನಾನು ತಿರುಗಿ ಒಗೆದೆ. ಮೇಲೆ ಬಿದ್ದೆ. ಒಂದು, ಎರಡು, ಮೂರು.

ಜನ ಹುಚ್ಚೆದ್ದು ಕೂಗಿದರು. ವರ್ಲೀನ್ ಅಮ್ಮನನ್ನು ಅಪ್ಪಿಕೊಂಡು ಕುಣಿಯುತ್ತಿದ್ದಳು. ಮೈಕಿನವನು ನನ್ನ ಹೆಸರನ್ನು ಸರಿಯಾಗಿ ಕೂಗಿದ. ನಾನು ಎರಡೂ ಕೈ ಎತ್ತಿ ನಾಲ್ಕೂ ಮೂಲೆಗೆ ತೋರಿಸಿದೆ. ಅದಾದ ಮೇಲೆಯೇ ಹಿಂದಕ್ಕೆ ನೋಡಿದ್ದು. ರೆಫ್ರಿ ಎಮರಿಯ ಪಕ್ಕ ಕೂತು, ಡಾಕ್ಟರನ್ನು ಕರೆಯಿರೆಂದು ಕೈ ಅಡ್ಡಡ್ಡ ಬೀಸುತ್ತಿದ್ದ.

ಮಧ್ಯಾಹ್ನ ಆಸ್ಪತ್ರೆಯ ವರಾಂಡದಲ್ಲಿ ಹಾರ್ಲನ್ ನನ್ನನ್ನು ಗೋಡೆಯ ಬದಿಗೆ ಕರೆದ.

“ಕೈ ಒತ್ತಿ ನೋಡಿದ್ಯಾ?”

“ನೋಡ್ದೆ ಸಾರ್.”

“ತಿರುಗಿ ಒತ್ತಿದ್ನಾ?”

“ಒತ್ತಿದ.”

ಅವನು ನಿಟ್ಟುಸಿರು ಬಿಟ್ಟು ನನ್ನ ಭುಜ ತಟ್ಟಿದ. “ಹಂಗಾದ್ರೆ ನಿನ್ ತಪ್ಪೇನಿಲ್ಲ ಬಿಡು.”

ಕುತ್ತಿಗೆಯ ಎರಡು ಎಲುಬು ಸರಿದಿದ್ದವು. ಮೊದಲು ಬಿದ್ದಾಗಲೇ ಆಗಿದ್ದೋ, ಆಮೇಲೆ ಎತ್ತಿ ಒಗೆದಾಗ ಆದದ್ದೋ ಹೇಳುವುದು ಕಷ್ಟ ಎಂದರು ಡಾಕ್ಟರು. ಟಿವಿಯವರು ಆ ಟೇಪಿನ ಮೇಲೆ ಮುಂದಿನ ವಾರದ್ದನ್ನು ಹಿಡಿದಾಗಿತ್ತು. ಆಗ ಹಾಗೆಯೇ ಮಾಡುತ್ತಿದ್ದರು. ಎಮರಿಗೆ ಆ ಬೆಳಿಗ್ಗೆ ತಿಂದ ತಿಂಡಿಯ ಆಚೆ ಏನೂ ನೆನಪಿರಲಿಲ್ಲ. ಅಲ್ಲಿಗೆ ಅದನ್ನು ಬಲ್ಲವನು ನಾನೊಬ್ಬನೇ ಉಳಿದೆ.

ಐದನೇ ದಿನ ನನ್ನನ್ನು ಒಳಗೆ ಬಿಟ್ಟರು. ಅವನ ತಲೆಯನ್ನು ಕಬ್ಬಿಣದ ಚೌಕಟ್ಟಿನಲ್ಲಿ ಹಿಡಿದು ನಿಲ್ಲಿಸಿದ್ದರು. ಕಣ್ಣು ಮಾತ್ರ ನನ್ನ ಕಡೆ ತಿರುಗಿತು.

“ಗೆದ್ಯಾ?” ಎಂದ.

“ಗೆದ್ದೆ.”

“ನಿಮ್ಮಮ್ಮ ಖುಷಿ ಪಟ್ರಾ?”

“ಪಟ್ರು.”

“ಸದ್ಯ. ಅದಾದ್ರೂ ಆಯ್ತಲ್ಲ,” ಎಂದು ಕಣ್ಣು ಮುಚ್ಚಿದ.

ಮೂರು ತಿಂಗಳು ಆಸ್ಪತ್ರೆಯಲ್ಲಿದ್ದ. ಕಾಲು ವಾಪಸು ಬಂತು, ಕೋಲು ಹಿಡಿದು ನಡೆಯುವಷ್ಟು. ಬಲಗೈ ಬರಲೇ ಇಲ್ಲ. ಆ ವರ್ಷ ಅವರ ಹೊಗೆಸೊಪ್ಪನ್ನು ಅವನ ಹೆಂಡತಿ ಲೊರೀನ್ ಮತ್ತು ನೆರೆಯವರು ಕೊಯ್ದರು. ನಾನೂ ನಾಲ್ಕು ದಿನ ಹೋಗಿ ಕೊಯ್ದೆ. ಲೊರೀನ್ ನನಗೆ ತಣ್ಣನೆ ಚಹಾ ತಂದುಕೊಟ್ಟು, “ನಿನ್ನಂಥ ಗೆಳೆಯ ಎಲ್ರಿಗೂ ಸಿಗಲ್ಲ ರಾಯ್ಸ್,” ಎಂದಳು. ಆ ಲೋಟ ಕೆಳಗಿಟ್ಟು ಸಾಲಿನ ಆ ತುದಿಗೆ ಹೋಗಿ ಬಗ್ಗಿ ಕೊಯ್ಯತೊಡಗಿದೆ. ಅವಳ ಮುಖ ಕಾಣಿಸಬಾರದು ಎಂದು.

ನವೆಂಬರಿನಲ್ಲಿ ಹಾರ್ಲನ್ ಕರೆಸಿದ. ಟಿವಿಯವರಿಗೆ ಚೀಲಗಟ್ಟಲೆ ಕಾಗದ ಬರುತ್ತಿದ್ದವಂತೆ, ಎಮರಿಯ ಕತ್ತು ಮುರಿದವನನ್ನು ಏನು ಮಾಡಿದಿರಿ ಎಂದು.

“ಹನ್ನೊಂದ್ ವರ್ಷದಲ್ಲಿ ಜನ ನಿನ್ ಹೆಸ್ರೆತ್ತಿದ್ದು ಇದೇ ಮೊದ್ಲು,” ಎಂದ. “ವಿಲನ್ ವೇಷ. ಕರೀ ಚಡ್ಡಿ, ಕರೀ ಬೂಟು. ಕತ್ತುಮುರುಕ ಟಾಲಿವರ್. ಎಮರಿನ ಕೇಳ್ದೆ. ಮಾಡ್ಲಿ ಸಾರ್, ನನ್ ಕುತ್ತಿಗೆಯಿಂದ ಯಾರಿಗಾದ್ರೂ ಉಪ್ಯೋಗ ಆಗ್ಲಿ ಅಂದ.”

ಆಗಲ್ಲ ಎನ್ನಬಹುದಿತ್ತು. ನಾನು ಎನ್ನಲಿಲ್ಲ. ಚಳಿಗಾಲವೆಲ್ಲ ಗೆದ್ದೆ. ನಾನು ಆಟದ ಹಾಲ್ ಒಳಗೆ ಕಾಲಿಟ್ಟರೆ ಜನ ಎದ್ದು ಉಗಿಯುತ್ತಿದ್ದರು. ಮುದುಕಿಯೊಬ್ಬಳು ಛತ್ರಿಯಿಂದ ಹೊಡೆದಳು. ಅದರಿಂದ ನನಗೆ ಖುಷಿಯಾಯಿತು ಎನ್ನುವುದನ್ನೂ ಹೇಳಿಬಿಡಬೇಕು. ಅಷ್ಟು ವರ್ಷ ಯಾರೂ ನನ್ನನ್ನು ಬೈಯುವಷ್ಟು ಕೂಡ ಗಮನಿಸಿರಲಿಲ್ಲ. ಕೆಲವು ದಿನ ಎಮರಿಯ ನೆನಪೇ ಬಾರದೆ ಹೋಗುತ್ತಿತ್ತು. ಬಂದಾಗ, ಮರೆತಿದ್ದೆನಲ್ಲ ಎನ್ನುವುದು ಇನ್ನೊಂದು ಇರಿತ.

ಅಮ್ಮ ಇದನ್ನೆಲ್ಲ ಬಾಯಿ ಬಿಗಿದು ನೋಡುತ್ತಿದ್ದಳು. “ಆ ಕರೀ ಚಡ್ಡಿ ಯಾಕೋ?” ಎಂದು ಮಾತ್ರ ಒಮ್ಮೆ ಕೇಳಿದಳು.

ಮೇ ತಿಂಗಳಲ್ಲಿ ದೊಡ್ಡ ಪಂದ್ಯವಿತ್ತು. ಅದಕ್ಕೆ ಜನ ಸೇರಿಸಲು ನಾನು ಟಿವಿಯಲ್ಲಿ ಎರಡು ನಿಮಿಷ ಮಾತಾಡಬೇಕೆಂದು ಹಾರ್ಲನ್ ಹೇಳಿದ.

“ಏನ್ ಮಾತಾಡ್ಲಿ ಸಾರ್?”

“ಬೇಕಂತ್ಲೇ ಮಾಡ್ದೆ ಅನ್ನು. ಅವ್ನಿಗೆ ಪೆಟ್ಟಾಗಿತ್ತು, ಅದು ಗೊತ್ತಿದ್ದೇ ಎತ್ತಿ ಒಗೆದೆ ಅನ್ನು. ಜನ ನಿನ್ ಹೆಣ ನೋಡಕ್ಕೆ ಸಾಲು ನಿಲ್ತಾರೆ.”

ಅವನಿಗೆ ಏನೂ ಗೊತ್ತಿರಲಿಲ್ಲ. ಸುಮ್ಮನೆ ಹೊಳೆದದ್ದು ಅದು. ನಾನು ಮೈಕಿನ ಮುಂದೆ ನಿಂತೆ. ಬಾಯಿ ತೆರೆದ ಮೇಲೆ ಮಾತು ತಾನಾಗಿ ಬಂತು.

“ಅವ್ನ ಕೈ ಸತ್ತೋಗಿತ್ತು. ಎರಡ್ಸಲ ಹಿಡಿದು ನೋಡ್ದೆ. ನಂಗೊತ್ತಿತ್ತು. ಗೊತ್ತಿದ್ದೂ ಎತ್ತಿದೆ. ಯಾಕೆ ಗೊತ್ತಾ? ನಂಗೆ ಗೆಲ್ಬೇಕಿತ್ತು! ನಿಮ್ಮೆಲ್ರ ಮುಂದೆ ಒಂದ್ಸಲ ಗೆಲ್ಬೇಕಿತ್ತು!”

ಎಂಬತ್ತು ಜನವೂ ಎದ್ದು ನಿಂತರು. ಆಮೇಲೆ ಬಂದ ಬೈಗುಳಕ್ಕೆ ಮೈಕು ಕೇಳಿಸದಾಯಿತು. ಹಾರ್ಲನ್ ನನ್ನ ಕೆನ್ನೆ ಹಿಂಡಿ, “ಎಲ್ಲಿ ಬಚ್ಚಿಟ್ಕೊಂಡಿದ್ಯೋ ಇದನ್ನ ಇಷ್ಟ್ ದಿನ?” ಎಂದ. ಬಟ್ಟೆ ಬದಲಿಸುತ್ತಿರುವಾಗ ಫೋನು ಬಂತು. ಎಮರಿ.

“ಏನ್ ಮಾತಾಡ್ದೆ ಮಾರಾಯಾ! ನಂಗೇ ಮೈ ಜುಂ ಅಂತು. ಲೊರೀನ್ ಅಂತೂ ಅತ್ತೇಬಿಟ್ಳು. ಅಳ್ಬೇಡ್ವೇ, ಅದು ನಾಟ್ಕ, ನಮ್ ರಾಯ್ಸ್ ಕಣೇ ಅಂತ ಸಮಾಧಾನ ಮಾಡ್ದೆ.”

ನಾನು ಏನೋ ಹೇಳಿ ಫೋನಿಟ್ಟೆ. ಏನು ಹೇಳಿದೆನೋ ಈಗಲೂ ಗೊತ್ತಿಲ್ಲ.

ಮನೆಗೆ ಬಂದಾಗ ಟಿವಿ ಆರಿತ್ತು. ಮೆಕ್ಕೆಜೋಳದ ಬ್ರೆಡ್ಡು ಬಾಣಲೆಯಲ್ಲೇ ತಣ್ಣಗಾಗಿತ್ತು. ಅಮ್ಮ ಅಡುಗೆಮನೆಯ ಮೇಜಿನ ಮುಂದೆ, ಎರಡೂ ಕೈ ಮೇಜಿನ ಮೇಲಿಟ್ಟು ಕೂತಿದ್ದಳು.

“ನಿಜಾನಾ?”

“ಟಿವಿಗೋಸ್ಕರ ಹಂಗ್ ಹೇಳಿಸ್ತಾರಮ್ಮ.”

“ಟಿವಿ ಮನೆ ಹಾಳಾಗ್ಲಿ. ನಿಜಾನಾ ಅಂತ ಕೇಳಿದ್ದು.”

ಮೊದಲು ಕಟ್ಟಳೆ ಮುರಿದೆ. ಎಲ್ಲವೂ ಮೊದಲೇ ತೀರ್ಮಾನವಾಗಿರುತ್ತದೆ, ಹನ್ನೊಂದು ವರ್ಷವೂ ಹಾಗೆಯೇ, ಆ ಗೆಲುವನ್ನು ಎಮರಿಯೇ ಕೇಳಿ ಕೊಡಿಸಿದ್ದು, ನಿನಗೋಸ್ಕರ ಕೊಡಿಸಿದ್ದು ಎಂದೆ. ಆಮೇಲೆ ಕೈಯ ಸನ್ನೆಯ ಮಾತು ಹೇಳಿದೆ. ಅವನು ಒತ್ತಲಿಲ್ಲ ಎಂದೂ, ಒತ್ತಿದ ಎಂದು ನಾನು ಸುಳ್ಳು ಹೇಳಿದ್ದೆನೆಂದೂ ಹೇಳಿದೆ. ಹೇಳುವಾಗ ನನ್ನೊಳಗೆ ಒಂದು ಆಸೆಯಿತ್ತು. ಎಲ್ಲ ಆಟ ಎಂದು ತಿಳಿದರೆ ಅಮ್ಮನಿಗೆ ನನ್ನ ತಪ್ಪು ಸಣ್ಣದಾಗಿ ಕಂಡೀತು ಎಂದು.

ಅಮ್ಮ ಮೇಜಿನ ಮೇಲಿನ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

“ಅಂದ್ರೆ ಅವ್ನು ನಿನ್ ಎದುರಾಳಿ ಅಲ್ಲ,” ಎಂದಳು.

“ಅಲ್ಲಮ್ಮ.”

“ನಿಜವಾಗ್ಲೂ ಹೊಡೆದಾಡಿದ್ರೆ ಸರಿ ಅಂದ್ಕೋತಿದ್ದೆ. ಹೊಡೆದಾಟದಲ್ಲಿ ಯಾರಿಗೋ ಏನೋ ಆಗತ್ತೆ. ಆದ್ರೆ ಇವ್ನು ನಿನ್ನ ನಂಬಿ ಮೈ ಕೊಟ್ಟಿದ್ದ. ನನ್ನ ಖುಷಿಗೋಸ್ಕರ ಕೊಟ್ಟಿದ್ದ.” ಅವಳು ಮೇಜು ಹಿಡಿದು ಎದ್ದಳು. “ಮತ್ತೆ ನಾನು ಅಲ್ಲಿ ನಿಂತ್ಕೊಂಡು ಎತ್ತೋ ಎತ್ತೋ ಅಂತ ಕಿರುಚ್ತಿದ್ನಲ್ಲೋ.”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಪಾಪದ ಅರ್ಧವನ್ನು ಅಮ್ಮ ತನ್ನ ತಲೆಗೆ ಎಳೆದುಕೊಳ್ಳುತ್ತಿದ್ದಳು. ನಿನ್ನದೇನೂ ಇಲ್ಲಮ್ಮ ಎಂದು ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದಳು.

“ನಾಳೆ ಚರ್ಚ್ ಮುಗಿಸ್ಕೊಂಡು ಅವ್ರ ಮನೆಗೆ ಹೋಗೋದು. ನಾನೂ ಬರ್ತೀನಿ.”

ಹೋದೆವು. ಅಮ್ಮ ಕಾರಿನಿಂದ ಇಳಿಯಲಿಲ್ಲ. ಕಿಟಕಿ ಇಳಿಸಿಕೊಂಡು ಮುಂದೆ ನೋಡುತ್ತ ಕೂತಳು. ಎಮರಿ ಮನೆಯ ಜಗಲಿಯಲ್ಲಿ, ತೊಡೆಯ ಮೇಲೆ ಬೋಗುಣಿ ಇಟ್ಟುಕೊಂಡು ಎಡಗೈಯೊಂದರಲ್ಲೇ ಬಟಾಣಿ ಸುಲಿಯುತ್ತಿದ್ದ. ಬಲಗೈ ಮಡಿಲಲ್ಲಿ ಬಿದ್ದಿತ್ತು.

“ಬಾರೋ ಕತ್ತುಮುರುಕ!” ಎಂದು ನಕ್ಕ. “ಅಮ್ಮನ್ನ ಯಾಕೆ ಕಾರಲ್ಲೇ ಬಿಟ್ಟೆ? ಲೊರೀನ್, ಓಪಲ್ ಬಂದಿದಾರೆ ನೋಡು.”

“ಕರೀಬೇಡ,” ಎಂದೆ. ನಿಂತೇ ಹೇಳಿದೆ. ಕೂತರೆ ಹೇಳಲಾರೆ ಎನ್ನಿಸಿತ್ತು.

ಅವನ ನಗು ಒಮ್ಮೆಗೇ ಹೋಗಲಿಲ್ಲ. ಮುಖದ ಮೇಲೆ ಹಾಗೇ ಉಳಿದು, ಅದರ ಹಿಂದಿನದೆಲ್ಲ ಖಾಲಿಯಾಯಿತು.

“ಮೊದಲ್ನೇ ಸಲ ಒತ್ತಿದಾಗ ನಾನು ಸುಮ್ನಿದ್ನಾ?”

“ಸುಮ್ನಿದ್ದೆ.”

“ಎರಡ್ನೇ ಸಲ?”

“ಆಗ್ಲೂ.”

“ಏನಾದ್ರೂ ಅಂದ್ನಾ?”

ಇದನ್ನು ನಾನು ಅಮ್ಮನಿಗೂ ಹೇಳಿರಲಿಲ್ಲ. ಇಲ್ಲಿಯವರೆಗೆ ಈ ಬರಹದಲ್ಲೂ ಬರೆಯದೆ ಬಿಟ್ಟಿದ್ದೆ.

“ನಿನ್ ತುಟಿ ಅಲ್ಲಾಡ್ತು ಎಮರಿ. ನಾನು ಬಗ್ಗಿ ಕೇಳಿಸ್ಕೊಳ್ಲಿಲ್ಲ.”

ಅವನು ಒಂದು ಕಾಯಿ ಎತ್ತಿಕೊಂಡ, ಸುಲಿಯದೆ ಹಾಗೇ ಹಿಡಿದುಕೊಂಡ. ಬಾಗಿಲಲ್ಲಿ ಲೊರೀನ್ ಬಂದು ನಿಂತಿದ್ದಳು. ಅವಳಿಗೆ ಎಷ್ಟು ಕೇಳಿಸಿತ್ತೋ, ಒಳಗೆ ಹೋಗಿಬಿಟ್ಟಳು.

“ಹತ್ತು ತಿಂಗ್ಳು,” ಎಂದ ಎಮರಿ. “ದಿನಾ ಇಲ್ಲೇ ಕೂತ್ಕೊಂಡು ಯೋಚ್ನೆ ಮಾಡ್ತೀನಿ. ಸಾವಿರ ಸಲ ಹಾರಿರೋ ನಾನು ಆವತ್ತೆಲ್ಲಿ ತಪ್ಪಿದೆ, ಎಡಗಾಲಾ, ಬಲಗಾಲಾ ಅಂತ. ಪಾಪ, ರಾಯ್ಸ್‌ಗೆ ಎಷ್ಟ್ ಬೇಜಾರಾಗಿದ್ಯೋ ಅಂತ ಇವ್ಳ ಹತ್ರ ಹೇಳ್ತಿದ್ದೆ.” ಕಾಯಿಯನ್ನು ಬೋಗುಣಿಗೆ ಹಾಕಿದ. “ಬಿದ್ದಿದ್ದು ನಂದೇ ತಪ್ಪಿರ್ಬೋದು. ಎತ್ತಿದ್ದು ನಿಂದು.”

“ಹೌದು.”

“ಹಾರ್ಲನ್‌ಗೆ ಹೇಳಿದ್ಯಾ? ಬೇರೆ ಪೈಲ್ವಾನ್ರಿಗೆ?”

“ಇಲ್ಲ.”

“ಅವ್ರು ದಿನಾ ನಿನ್ ಕೈಗೆ ಕುತ್ತಿಗೆ ಕೊಡ್ತಿದಾರಲ್ಲೋ. ಅವ್ರಿಗೆ ಹೇಳು. ನಂಗಿನ್ನೇನೂ ಬೇಡ.” ಅವನು ರಸ್ತೆಯ ಕಡೆ ನೋಡಿದ. “ಈಗ ಹೋಗು.”

ಮೆಟ್ಟಿಲು ಇಳಿಯುವಾಗ ಅವನು ಕಾರಿನ ಕಡೆಗೆ ಎಡಗೈ ಎತ್ತಿದ್ದನ್ನು ಕಂಡೆ. ಅದು ಅಮ್ಮನಿಗೆ.

ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಸ್ಟುಡಿಯೋದ ಬಟ್ಟೆ ಬದಲಿಸುವ ಕೋಣೆಯಲ್ಲಿ ಹನ್ನೆರಡು ಪೈಲ್ವಾನರ ಮುಂದೆ ಹೇಳಿದೆ. ಬೂಟಿನ ಲಾಡಿ ಕಟ್ಟುತ್ತಿದ್ದವರು ಕಟ್ಟುವುದನ್ನು ನಿಲ್ಲಿಸಿದರು. ಟಿವಿಯಲ್ಲಿ ಇದೇ ಮಾತಿಗೆ ಜನ ಕೂಗಾಡಿದ್ದರು. ಇಲ್ಲಿ ಒಬ್ಬೊಬ್ಬರೇ ನನ್ನಿಂದ ಮುಖ ತಿರುಗಿಸಿದರು. ಆ ದಿನ ನನ್ನ ಎದುರು ಇಳಿಯಬೇಕಾಗಿದ್ದವನು ಎದ್ದು, ನನ್ನನ್ನು ನೋಡದೆ, “ಸಾರ್, ನನ್ ಜೊತೆ ಬೇರೆಯವ್ರನ್ನ ಹಾಕಿ,” ಎಂದ. ಅವನ ಪಕ್ಕದವನೂ, “ನಂಗೂ ಅಷ್ಟೆ,” ಎಂದ.

ಹಾರ್ಲನ್ ನನ್ನನ್ನು ಹೊರಗೆ ಕರೆದುಕೊಂಡು ಬಂದ. ಸಿಟ್ಟಿಗಿಂತ ಅವನ ಮುಖದಲ್ಲಿ ಬೇಸರವೇ ಹೆಚ್ಚಿತ್ತು. “ಜನಕ್ಕೆ ನೀನು ಹೇಳಿದ್ದೆ, ಚೆನ್ನಾಗಿತ್ತು. ಇವ್ರಿಗ್ಯಾಕಯ್ಯಾ ಹೇಳಕ್ಕೋದೆ?”

“ಎಮರಿ ಹೇಳು ಅಂದ ಸಾರ್.”

ಅವನು ನನ್ನನ್ನು ಅಲ್ಲೇ ಬಿಟ್ಟು ಒಳಗೆ ಹೋದ. ನನ್ನಂಥವನ ಹತ್ತಿರ ಚೆಲುವಾಗಲಿ, ಬಲವಾಗಲಿ, ಮಾತಾಗಲಿ ಇರುವುದಿಲ್ಲ. ಇವನ ಕೈಯಲ್ಲಿ ಏನೂ ಆಗುವುದಿಲ್ಲ ಎಂಬ ನಂಬಿಕೆಯೊಂದೇ ಬಂಡವಾಳ. ಅದು ಹೋದ ಮೇಲೆ ಇನ್ನಾವ ಊರಿನ ಯಜಮಾನನೂ ನನ್ನನ್ನು ಕರೆಯಲಿಲ್ಲ. ಮರದ ಮಿಲ್ಲಿನಲ್ಲಿ ಹಲಗೆ ಹೊರುವ ಕೆಲಸಕ್ಕೆ ಸೇರಿದೆ. ಆಮೇಲೂ ವರ್ಷಗಟ್ಟಲೆ, ಪೆಟ್ರೋಲು ಹಾಕಿಸುವಾಗಲೋ ಕ್ಷೌರದಂಗಡಿಯಲ್ಲೋ ಯಾರಾದರೂ ಗುರುತು ಹಿಡಿದು, “ಏಯ್ ಕತ್ತುಮುರುಕ! ಅದೆಲ್ಲ ನಾಟ್ಕ ತಾನೇ?” ಎಂದು ಕಣ್ಣು ಹೊಡೆಯುತ್ತಿದ್ದರು. “ಬೇರೆದೆಲ್ಲ ನಾಟ್ಕ,” ಎನ್ನುತ್ತಿದ್ದೆ. ಅವರು ನಗುತ್ತಿದ್ದರು.

ಅಮ್ಮ ಮತ್ತೆಂದೂ ಕುಸ್ತಿ ನೋಡಲಿಲ್ಲ. ಚರ್ಚಿನಲ್ಲಿ ಪ್ರಾರ್ಥನೆ ಕೇಳುವ ಹೊತ್ತಿಗೆ ವಾರ ವಾರವೂ ಎದ್ದು, “ಎಮರಿ ಕ್ಯಾಂಟ್ರೆಲ್‌ನ ಬಲಗೈಗೋಸ್ಕರ,” ಎನ್ನುತ್ತಿದ್ದಳು. ಒಂಬತ್ತು ವರ್ಷ, ಏಳಲಾಗದ ಕಾಲದಲ್ಲಿ ಕೂತಲ್ಲಿಂದಲೇ. ನನ್ನ ಹೆಸರು ಮತ್ತೆ ಹೇಳಲಿಲ್ಲ. ಹೇಳೆಂದು ನಾನೂ ಕೇಳಲಿಲ್ಲ.

ಅಮ್ಮ ತೀರಿಕೊಂಡದ್ದು ಒಂದು ಮಾರ್ಚಿನಲ್ಲಿ. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹೆಂಗಸರು ಹಂದಿಮಾಂಸ, ಬೀನ್ಸ್ ಕಾಳು, ಆಲೂಗಡ್ಡೆ ಎಲ್ಲ ತಂದು ಉದ್ದ ಮೇಜುಗಳ ಮೇಲೆ ಇಟ್ಟಿದ್ದರು. ಎಮರಿ ಬಂದಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಿಂದಿನ ಸಾಲಿನಲ್ಲಿ ಲೊರೀನಳ ಜೊತೆ ಕೂತಿದ್ದನ್ನು ಕಂಡಿದ್ದೆ, ಮಾತಾಡಿಸುವ ಧೈರ್ಯವಾಗಿರಲಿಲ್ಲ. ಒಂಬತ್ತು ವರ್ಷದಲ್ಲಿ ದಾರಿಯಲ್ಲಿ ಎಷ್ಟೋ ಸಲ ಎದುರಾಗಿದ್ದೆವು. ಅವನು ತಲೆಯಾಡಿಸಿ ಮುಂದೆ ಹೋಗುತ್ತಿದ್ದ, ಅಷ್ಟೆ.

ಲೊರೀನ್ ವರ್ಲೀನಳ ಹತ್ತಿರ ಮಾತಾಡುತ್ತ ನಿಂತಿದ್ದಳು. ಎಮರಿ ಎಡಗೈಯಲ್ಲಿ ತಟ್ಟೆ ಹಿಡಿದು, ತೋಳಿಗೆ ಕೋಲು ತೂಗುಹಾಕಿಕೊಂಡು ಸುತ್ತಲೂ ನೋಡಿದ. ನನ್ನ ಎದುರಿನ ಕುರ್ಚಿ ಖಾಲಿಯಿತ್ತು. ಬೇರೆ ಕುರ್ಚಿಗಳೂ ಖಾಲಿಯಿದ್ದವು. ಬಂದು ನನ್ನೆದುರೇ ಕೂತ.

ಇಬ್ಬರೂ ಸ್ವಲ್ಪ ಹೊತ್ತು ತಿಂದೆವು. ಅವನ ತಟ್ಟೆಯಲ್ಲಿ ದಪ್ಪನೆಯ ಮಾಂಸದ ತುಂಡೊಂದು ಹಾಗೇ ಇತ್ತು. ಒಂದು ಕೈಯಲ್ಲಿ ಮುಳ್ಳುಚಮಚ ಚುಚ್ಚಿ ನೋಡಿದ, ಆಗಲಿಲ್ಲ. ಆಮೇಲೆ ತಟ್ಟೆಯನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದ.

“ಕತ್ತರ್ಸು,” ಎಂದ.

ನಾನು ಚಾಕು ತೆಗೆದುಕೊಂಡು ಕತ್ತರಿಸಿದೆ. ಅವನು ನೋಡುತ್ತ ಕೂತಿದ್ದ.

“ಇಷ್ಟ್ ಸಣ್ಣಕ್ ಬೇಡ್ವೋ,” ಎಂದ. “ನಾನೇನ್ ಕೂಸಾ?”